ಪಠ್ಯಪುಸ್ತಕ ಒಂದು ರಾಜ್ಯದ್ದು, ಕನ್ನಡ ವಿಡಿಯೋ ಇನ್ನೊಂದು ರಾಜ್ಯದ್ದು: ಉಚಿತ ಜಾಲಪರಿಕರಗಳನ್ನು ಗಡಿನಾಡಿನ ತರಗತಿಗೆ ಹೊಂದಿಸಿಕೊಳ್ಳುವ ಬಗೆ

ಕನ್ನಡದಲ್ಲಿ ಕಲಿಯುವ ಮಗುವಿಗೆ ಅಂತರಜಾಲದಲ್ಲಿ ಏನೂ ಸಿಗುವುದಿಲ್ಲ ಎಂಬ ಮಾತು ಇಪ್ಪತ್ತು ವರ್ಷಗಳ ಹಿಂದೆ ಬಹುಮಟ್ಟಿಗೆ ನಿಜವಾಗಿತ್ತು. ಇಂದು ಹಾಗಿಲ್ಲ. ಪಠ್ಯಪುಸ್ತಕಗಳು, ಪಾಠದ ವಿಡಿಯೋಗಳು, ಕಥೆಪುಸ್ತಕಗಳು, ನಿಘಂಟುಗಳು, ವಿಜ್ಞಾನದ ಪ್ರಯೋಗವನ್ನು ಪರದೆಯ ಮೇಲೆ ಮಾಡಿನೋಡುವ ಪರಿಕರಗಳು ಕನ್ನಡದಲ್ಲಿ ಬಿಡಿಗಾಸಿನ ಖರ್ಚಿಲ್ಲದೆ ದೊರೆಯುತ್ತವೆ. ಆದರೆ ಇವುಗಳಲ್ಲಿ ಹೆಚ್ಚಿನವು ಕರ್ನಾಟಕದ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಸಿದ್ಧವಾದವು. ಮಂಜೇಶ್ವರದ ಮಗುವಿನ ಕೈಯಲ್ಲಿರುವುದು ಕೇರಳದ ಎಸ್‌ಸಿಇಆರ್‌ಟಿ ಪಠ್ಯ. ಜತ್ತ, ಅಕ್ಕಲಕೋಟೆಗಳ ಮಗುವಿನದು ಬಾಲಭಾರತಿಯ ಪುಸ್ತಕ. ತಾಳವಾಡಿಯ ಮಗುವಿನದು ತಮಿಳುನಾಡಿನದು. ಆದೋನಿ, ಮಡಕಶಿರಾಗಳ ಮಗುವಿನದು ಆಂಧ್ರದ್ದು. ಭಾಷೆ ಒಂದೇ, ಪಾಠಕ್ರಮ ಬೇರೆ ಬೇರೆ. ಬೆಂಗಳೂರಿನ ಅಧ್ಯಾಪಕರೊಬ್ಬರು ಎಂಟನೆಯ ತರಗತಿಯ ಮೂರನೆಯ ಪಾಠವೆಂದು ಸೊಗಸಾಗಿ ವಿವರಿಸಿದ ವಿಷಯ ನಮ್ಮ ಮಕ್ಕಳಿಗೆ ಒಂಬತ್ತನೆಯ ತರಗತಿಯಲ್ಲಿ, ಇನ್ನಾವುದೋ ಹೆಸರಿನಲ್ಲಿ ಬರಬಹುದು.

ಆದುದರಿಂದ ಯಾವ ತಾಣ ಒಳ್ಳೆಯದು ಎಂದು ಕೇಳುವುದಕ್ಕಿಂತ, ಸಿಕ್ಕುವುದನ್ನು ನಮ್ಮ ಪಾಠಕ್ಕೆ ಹೊಂದಿಸಿಕೊಳ್ಳುವುದು ಹೇಗೆ ಎಂದು ಕೇಳುವುದು ಹೆಚ್ಚು ಪ್ರಯೋಜನಕರವೆಂದು ನಾವು ಭಾವಿಸುತ್ತೇವೆ. ಈ ಲೇಖನದ ಉದ್ದೇಶವೂ ಅಷ್ಟೇ.

ಮೊದಲು ಸ್ವಂತ ರಾಜ್ಯದ ಬಾಗಿಲು

ಕೇಂದ್ರ ಸರಕಾರದ ‘ದೀಕ್ಷಾ’ ವೇದಿಕೆ 2017ರ ಶಿಕ್ಷಕರ ದಿನದಂದು ಆರಂಭವಾಯಿತು. ಅದನ್ನು ಮೊಬೈಲಿನಲ್ಲಿ ತೆರೆದೊಡನೆ ಮಂಡಳಿ, ಮಾಧ್ಯಮ, ತರಗತಿ ಎಂಬ ಮೂರು ವಿವರಗಳನ್ನು ಕೇಳುತ್ತದೆ. ಇಲ್ಲಿ ಅನೇಕ ಪೋಷಕರು ಕನ್ನಡವೆಂದರೆ ಕರ್ನಾಟಕ ಎಂದು ಭಾವಿಸಿ ಕರ್ನಾಟಕ ಮಂಡಳಿಯನ್ನು ಆರಿಸಿಬಿಡುತ್ತಾರೆ. ಮೊದಲು ಸ್ವಂತ ರಾಜ್ಯದ ಮಂಡಳಿಯನ್ನೂ ಕನ್ನಡ ಮಾಧ್ಯಮವನ್ನೂ ಆರಿಸಿ ನೋಡಬೇಕು. ಅಲ್ಲಿ ದೊರೆಯುವುದು ಸ್ವಲ್ಪವಾದರೂ ಅದು ಮಗುವಿನ ಪುಸ್ತಕಕ್ಕೆ ನೇರವಾಗಿ ಸಂಬಂಧಿಸಿದ್ದು. ಸಾಲದಾದಾಗ ಮಾತ್ರ ಮಂಡಳಿಯನ್ನು ಕರ್ನಾಟಕಕ್ಕೆ ಬದಲಾಯಿಸಿ, ಪಾಠದ ಸಂಖ್ಯೆಯನ್ನು ಮರೆತು, ವಿಷಯದ ಹೆಸರಿನಿಂದ ಹುಡುಕಬೇಕು.

ಕೇರಳದಲ್ಲಿ ‘ಕೈಟ್’ ಸಂಸ್ಥೆಯ ‘ಸಮಗ್ರ’ ತಾಣದಲ್ಲಿ ಪಠ್ಯಪುಸ್ತಕಗಳೂ ಪಾಠಕ್ಕೆ ಪೂರಕವಾದ ಸಾಮಗ್ರಿಯೂ ಇವೆ. 2020ರ ಜೂನ್ 1ರಂದು, ಕೋವಿಡ್ ಕಾಲದಲ್ಲಿ, ವಿಕ್ಟರ್ಸ್ ವಾಹಿನಿಯ ಮೂಲಕ ‘ಫಸ್ಟ್ ಬೆಲ್’ ತರಗತಿಗಳು ಆರಂಭವಾದುದನ್ನು ಓದುಗರು ಮರೆತಿರಲಾರರು. ಕನ್ನಡ ಮಾಧ್ಯಮದ ಪಾಠಗಳೂ ಅದರ ಅಂಗವಾಗಿ ತಯಾರಾದವು. ಕಾಸರಗೋಡಿನ ಮಕ್ಕಳಿಗೆ ತಮ್ಮದೇ ಪುಸ್ತಕವನ್ನು ತಮ್ಮದೇ ಕನ್ನಡದಲ್ಲಿ ವಿವರಿಸುವ ಇಷ್ಟು ದೊಡ್ಡ ಸಂಗ್ರಹ ಅದಕ್ಕೆ ಮುಂಚೆ ಇರಲಿಲ್ಲವೆಂದೇ ಹೇಳಬೇಕು. ಆದರೆ ಕೇರಳದ ಪಠ್ಯಪುಸ್ತಕಗಳು ಆ ಬಳಿಕ ಪರಿಷ್ಕೃತವಾಗಿವೆ. 1, 3, 5, 7 ಮತ್ತು 9ನೆಯ ತರಗತಿಗಳಿಗೆ 2024ರಲ್ಲಿ, 2, 4, 6, 8 ಮತ್ತು 10ನೆಯ ತರಗತಿಗಳಿಗೆ 2025ರಲ್ಲಿ ಹೊಸ ಪುಸ್ತಕಗಳು ಬಂದವು. ಹಳೆಯ ವಿಡಿಯೋಗಳು ಹಳೆಯ ಪುಸ್ತಕವನ್ನು ಅನುಸರಿಸುತ್ತವೆ. ತ್ರಿಭುಜದ ಗುಣ ಬದಲಾಗದು, ನಿಜ. ಆದರೆ ಪರೀಕ್ಷೆಯ ಹಿಂದಿನ ದಿನ ಮಗು ಹಳೆಯ ವಿಡಿಯೋ ನೋಡಿ, ಈಗಿನ ಪುಸ್ತಕದಲ್ಲಿಲ್ಲದ ಪಾಠವನ್ನು ಕಂಠಪಾಠ ಮಾಡಿದರೆ ಶ್ರಮ ವ್ಯರ್ಥ. ವಿಡಿಯೋ ಯಾವ ವರ್ಷದ್ದು ಎಂದು ನೋಡುವ ಅಭ್ಯಾಸ ಮನೆಯಲ್ಲಿ ಬೆಳೆಯಲಿ.

ಮಹಾರಾಷ್ಟ್ರದ ಬಾಲಭಾರತಿ ಕನ್ನಡವೂ ಸೇರಿದಂತೆ ಎಂಟು ಭಾಷೆಗಳಲ್ಲಿ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತದೆ. ಅವುಗಳ ಪಿಡಿಎಫ್ ಪ್ರತಿಗಳನ್ನು ಅದರ ಜಾಲತಾಣದಿಂದ ಇಳಿಸಿಕೊಳ್ಳಬಹುದು. ಮುದ್ರಿತ ಕನ್ನಡ ಪುಸ್ತಕ ಶಾಲೆಗೆ ತಡವಾಗಿ ತಲುಪುವ ವರ್ಷಗಳಲ್ಲಿ ಈ ಪ್ರತಿಯೇ ಆಸರೆ. ಒಂದು ಸಣ್ಣ ತೊಡಕನ್ನು ಇಲ್ಲೇ ಹೇಳಿಬಿಡುವುದು ಲೇಸು. ಯುನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದ ಕನ್ನಡ ಪಿಡಿಎಫ್‌ಗಳು ಅನೇಕ. ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅವು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅಂಥ ಕಡತದಲ್ಲಿ ಪದ ಹುಡುಕಿದರೆ ಸಿಗುವುದಿಲ್ಲ, ನಕಲು ಮಾಡಿ ಬೇರೆಡೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಅದು ಕಡತದ ದೋಷವೂ ಅಲ್ಲ, ಮೊಬೈಲಿನ ದೋಷವೂ ಅಲ್ಲ. ಆ ಪುಟದ ಚಿತ್ರ ತೆಗೆದು ‘ಗೂಗಲ್ ಲೆನ್ಸ್’ನಂತಹ ಪರಿಕರಕ್ಕೆ ಕೊಟ್ಟರೆ ಅದು ಅಕ್ಷರಗಳನ್ನು ಗುರುತಿಸಿ ನಿಜವಾದ ಕನ್ನಡ ಪಠ್ಯವಾಗಿ ಒದಗಿಸುತ್ತದೆ. ಒತ್ತಕ್ಷರಗಳಲ್ಲಿ ತಪ್ಪು ನುಸುಳುವುದುಂಟು. ಮೂಲದೊಡನೆ ಒಮ್ಮೆ ಹೋಲಿಸಿ ನೋಡಬೇಕು.

ಪದಗಳ ಗಡಿ

ಪಾಠಕ್ರಮದ ವ್ಯತ್ಯಾಸಕ್ಕಿಂತ ಮಕ್ಕಳನ್ನು ಹೆಚ್ಚು ಕಾಡುವುದು ಪಾರಿಭಾಷಿಕ ಪದಗಳು. ಎಲೆಯು ಬಿಸಿಲಿನ ನೆರವಿನಿಂದ ಆಹಾರ ತಯಾರಿಸುವ ಕ್ರಿಯೆಯನ್ನೇ ನೋಡೋಣ. ಕನ್ನಡದಲ್ಲಿ ಅದು ದ್ಯುತಿಸಂಶ್ಲೇಷಣೆ. ಕಾಸರಗೋಡಿನ ಮಗು ಮಲಯಾಳ ವಾಹಿನಿಯಲ್ಲಿ ಕೇಳುವುದು ‘ಪ್ರಕಾಶಸಂಶ್ಲೇಷಣಂ’. ಸೊಲ್ಲಾಪುರದ ಮಗು ಮರಾಠಿ ಟ್ಯೂಷನ್ನಿನಲ್ಲಿ ಕೇಳುವುದು ‘ಪ್ರಕಾಶಸಂಶ್ಲೇಷಣ’. ತಾಳವಾಡಿಯ ಮಗುವಿಗೆ ಕೇಳಿಸುವುದು ‘ಒಳಿಚ್ಚೇರ್ಕ್ಕೈ’. ರಾಯದುರ್ಗದ ಮಗುವಿಗೆ ‘ಕಿರಣಜನ್ಯ ಸಂಯೋಗಕ್ರಿಯ’. ಇವೆಲ್ಲವೂ ಸುಂದರವಾದ ಪದಗಳೇ. ಇವು ಒಂದೇ ಕ್ರಿಯೆಯ ಹೆಸರುಗಳೆಂದು ಯಾರೂ ಹೇಳಿಕೊಡದಿದ್ದಾಗ ಮಾತ್ರ ತೊಡಕು. ಆಗ ಮಗು ಒಂದೇ ಪಾಠವನ್ನು ಎರಡು ಬೇರೆ ಪಾಠಗಳೆಂದು ತಿಳಿದು ಎರಡು ಬಾರಿ ಬಾಯಿಪಾಠ ಮಾಡುತ್ತದೆ.

ಗಣಿತದಲ್ಲಿ ಇದು ಇನ್ನೂ ಸೂಕ್ಷ್ಮ. ಕನ್ನಡದ ಲ.ಸಾ.ಅ. ಮತ್ತು ಮ.ಸಾ.ಅ.ಗಳು ಮರಾಠಿಯಲ್ಲಿ ‘ಲಸಾವಿ’, ‘ಮಸಾವಿ’. ಮಲಯಾಳದಲ್ಲಿ ‘ಲಸಾಗು’, ‘ಉಸಾಘ’. ತೆಲುಗಿನಲ್ಲಿ ‘ಕಸಾಗು’, ‘ಗಸಾಭಾ’. ಹೆಸರು ಬೇರೆಯಾದಾಗ ಮಗು ಕನಿಷ್ಠಪಕ್ಷ ಎಚ್ಚರಗೊಂಡು ಕೇಳುತ್ತದೆ. ಹೆಸರು ಒಂದೇ ಇದ್ದು ಅರ್ಥ ಬೇರೆಯಾದಾಗ ಆ ಎಚ್ಚರವೂ ಮೂಡುವುದಿಲ್ಲ. ಮಲಯಾಳದ ಗಣಿತ ಪಾಠದಲ್ಲಿ ‘ಘಟಕಂ’ ಎಂದರೆ ಅಪವರ್ತನ. ಕನ್ನಡದ ಮಗುವಿಗೆ ಘಟಕವೆಂದರೆ ಪುಸ್ತಕದ ಒಂದು ಭಾಗ. ಮರಾಠಿಯಲ್ಲಿ ಅಪವರ್ತನಕ್ಕೆ ‘ಅವಯವ’ ಎನ್ನುತ್ತಾರೆ. ನಮಗೆ ಅವಯವವೆಂದರೆ ಕೈಕಾಲು. ಕರ್ನಾಟಕದ ವಿಜ್ಞಾನ ಪುಸ್ತಕದಲ್ಲಿ ‘ಶಕ್ತಿ’ ಎಂದರೆ ಎನರ್ಜಿ, ‘ಸಾಮರ್ಥ್ಯ’ ಎಂದರೆ ಪವರ್. ಮರಾಠಿಯಲ್ಲಿ ಎನರ್ಜಿ ‘ಊರ್ಜಾ’, ಪವರ್ ‘ಶಕ್ತಿ’. ಜತ್ತದ ಹುಡುಗಿಯೊಬ್ಬಳು ಬೆಳಿಗ್ಗೆ ಕರ್ನಾಟಕದ ಕನ್ನಡ ವಿಡಿಯೋ ನೋಡಿ, ಸಂಜೆ ಮರಾಠಿ ಟ್ಯೂಷನ್ನಿಗೆ ಹೋದಳೆನ್ನಿ. ಒಂದೇ ‘ಶಕ್ತಿ’ ಎಂಬ ಪದಕ್ಕೆ ಅವಳು ಬೆಳಿಗ್ಗೆ ಜೂಲ್‌ನಲ್ಲಿಯೂ ಸಂಜೆ ವ್ಯಾಟ್‌ನಲ್ಲಿಯೂ ಉತ್ತರ ಬರೆಯಬೇಕಾಗುತ್ತದೆ. ಅವಳು ತಪ್ಪಿದರೆ ದಡ್ಡಿಯೆಂದು ಕರೆಯುವವರು ಈ ಜಾಗದಲ್ಲಿ ಒಮ್ಮೆ ನಿಂತು ನೋಡಬೇಕು.

ಇದಕ್ಕೆ ಪರಿಹಾರ ಜಾಲದಲ್ಲಿಲ್ಲ, ಎರಡು ರೂಪಾಯಿಯ ಪೆನ್ನಿನಲ್ಲಿದೆ. ಪ್ರತಿ ಮಗುವೂ ಒಂದು ಪದಪುಸ್ತಕ ಇಟ್ಟುಕೊಳ್ಳಲಿ. ಒಂದು ಸಾಲಿನಲ್ಲಿ ನಮ್ಮ ಪಠ್ಯಪುಸ್ತಕದ ಪದ, ಕರ್ನಾಟಕದ ವಿಡಿಯೋದಲ್ಲಿ ಬಂದ ಪದ, ರಾಜ್ಯಭಾಷೆಯ ಪದ, ಇಂಗ್ಲಿಷ್ ಪದ. ಪರೀಕ್ಷೆಯಲ್ಲಿ ಬರೆಯಬೇಕಾದುದು ಮೊದಲನೆಯದನ್ನೇ ಎಂದು ಅದರ ಕೆಳಗೆ ಗೆರೆ ಎಳೆಯಲಿ. ಹತ್ತನೆಯ ತರಗತಿಯ ಬಳಿಕ ಬಹುತೇಕ ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವವರೇ. ಆಗ ಕೊನೆಯ ಅಂಕಣ ಬಹಳ ಉಪಕಾರಿ.

ಪದದ ಅರ್ಥ ನೋಡಲು ‘ಅಲರ್’ ಎಂಬ ಕನ್ನಡ–ಇಂಗ್ಲಿಷ್ ನಿಘಂಟನ್ನು ನಾವು ಧಾರಾಳವಾಗಿ ಶಿಫಾರಸು ಮಾಡುತ್ತೇವೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ಸಂಕಲಿಸಿದ, ಒಂದೂವರೆ ಲಕ್ಷದಷ್ಟು ಪದಗಳುಳ್ಳ ಈ ನಿಘಂಟು 2019ರಿಂದ ಎಲ್ಲರಿಗೂ ಮುಕ್ತವಾಗಿದೆ. ಖಾತೆ ಬೇಡ, ಜಾಹೀರಾತಿಲ್ಲ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯಲ್ಲಿ ಹಲವು ಭಾರತೀಯ ಭಾಷೆಗಳ ನಿಘಂಟುಗಳು ಒಂದೆಡೆ ಇರುವುದರಿಂದ ನಮ್ಮಂತಹ ಬಹುಭಾಷಾ ಮನೆಗಳಿಗೆ ಅದೂ ಒಪ್ಪುತ್ತದೆ.

ಯಂತ್ರಾನುವಾದದ ಬಗ್ಗೆ ಒಂದು ಮಾತು. ಮಲಯಾಳ ಅಥವಾ ಇಂಗ್ಲಿಷ್ ಟಿಪ್ಪಣಿಯನ್ನು ಯಂತ್ರಕ್ಕೆ ಕೊಟ್ಟು ಕನ್ನಡಕ್ಕೆ ತಿರುಗಿಸಿಕೊಳ್ಳುವುದು ಈಗ ಸುಲಭ. ಸಮಾಜವಿಜ್ಞಾನದ ಸಾಮಾನ್ಯ ವಿವರಣೆಗೆ ಅದು ಪರವಾಗಿಲ್ಲ. ಗಣಿತ, ವಿಜ್ಞಾನಗಳಲ್ಲಿ ನೆಚ್ಚಬಾರದು. ‘ಪವರ್’ ಎಂಬ ಒಂದೇ ಇಂಗ್ಲಿಷ್ ಪದ ಗಣಿತದಲ್ಲಿ ಘಾತ, ಭೌತವಿಜ್ಞಾನದಲ್ಲಿ ಸಾಮರ್ಥ್ಯ, ಪೌರನೀತಿಯಲ್ಲಿ ಅಧಿಕಾರ. ಯಂತ್ರವು ಸಂದರ್ಭವನ್ನು ಊಹಿಸುತ್ತದೆ. ಊಹೆ ತಪ್ಪಿದಾಗಲೂ ವಾಕ್ಯ ಮಾತ್ರ ನಯವಾಗಿಯೇ ಇರುತ್ತದೆ. ಪ್ರಶ್ನೆ ಕೇಳಿದರೆ ಉತ್ತರಿಸುವ ಹೊಸ ಚಾಟ್ ಪರಿಕರಗಳಿಗೂ ಈ ಮಾತು ಅನ್ವಯಿಸುತ್ತದೆ.

ಮಾತು ಕಡಿಮೆ ಇರುವುದನ್ನು ಆರಿಸಿ

ಗಡಿ ದಾಟಿ ಬರುವ ಪರಿಕರಗಳಲ್ಲಿ ಮಾತು ಹೆಚ್ಚಿರುವುದಕ್ಕಿಂತ ಮಾತು ಕಡಿಮೆ ಇರುವುದೇ ನಮಗೆ ಹೆಚ್ಚು ಒದಗುತ್ತದೆ. ಮುಕ್ಕಾಲು ಗಂಟೆಯ ವಿಡಿಯೋ ಪಾಠ ತನ್ನ ರಾಜ್ಯದ ಪದಗಳನ್ನೂ ಕ್ರಮವನ್ನೂ ಹೊತ್ತು ತರುತ್ತದೆ. ಮಗುವೇ ಕೈಯಿಂದ ಆಡಿಸಿ ನೋಡುವ ಪರಿಕರ ಯಾವ ಪಠ್ಯಕ್ಕೂ ಹೊಂದುತ್ತದೆ.

ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ ಆರಂಭಿಸಿದ ‘ಫೆಟ್’ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಕೆಲವು ಪ್ರಯೋಗಗಳು ಸ್ವಯಂಸೇವಕರ ಶ್ರಮದಿಂದ ಕನ್ನಡದಲ್ಲಿಯೂ ಇವೆ. ವಿದ್ಯುನ್ಮಂಡಲ ಕಟ್ಟುವ ಪ್ರಯೋಗವನ್ನು ತೆಗೆದುಕೊಳ್ಳಿ. ಪರದೆಯ ಪಕ್ಕದಲ್ಲಿ ಬ್ಯಾಟರಿ, ತಂತಿ, ಬಲ್ಬು, ಸ್ವಿಚ್ಚುಗಳಿರುತ್ತವೆ. ಮಗು ಅವನ್ನು ಎಳೆದು ತಂದು ಜೋಡಿಸುತ್ತದೆ. ಮಂಡಲ ಪೂರ್ಣವಾದೊಡನೆ ತಂತಿಯೊಳಗೆ ಎಲೆಕ್ಟ್ರಾನುಗಳು ಚಲಿಸುವುದು ಕಾಣುತ್ತದೆ, ಬಲ್ಬು ಬೆಳಗುತ್ತದೆ. ಒಂದು ತುದಿ ಬಿಡಿಸಿದರೆ ಎಲ್ಲವೂ ಒಮ್ಮೆಲೇ ನಿಲ್ಲುತ್ತದೆ. ಪ್ರಯೋಗಾಲಯವಿಲ್ಲದ ಶಾಲೆಯ ಮಗುವಿಗೆ ತಂತಿಯ ಒಳಗನ್ನು ತೋರಿಸುವ ಇನ್ನೊಂದು ಉಪಾಯ ಇಲ್ಲ.

ಆದರೆ ಸುಮ್ಮನೆ ಆಡಲು ಬಿಟ್ಟರೆ ಅದು ಆಟವಾಗಿಯೇ ಉಳಿಯುತ್ತದೆ. ಎರಡನೆಯ ಬಲ್ಬು ಸೇರಿಸುವ ಮುನ್ನ ಮಗುವನ್ನು ಕೇಳಬೇಕು: ಇದನ್ನು ಅದೇ ದಾರಿಯಲ್ಲಿ, ಅಂದರೆ ಸರಣಿಯಲ್ಲಿ, ಸೇರಿಸಿದರೆ ಮೊದಲ ಬಲ್ಬಿನ ಬೆಳಕು ಹೆಚ್ಚುವುದೋ, ಕುಗ್ಗುವುದೋ, ಹಾಗೆಯೇ ಇರುವುದೋ? ಉತ್ತರವನ್ನು ಕಾಗದದಲ್ಲಿ ಬರೆಸಿ, ಬಳಿಕ ಮಾಡಿ ನೋಡಬೇಕು. ಹತ್ತಿರದ ಬಲ್ಬು ಪ್ರಕಾಶಮಾನವಾಗಿಯೂ ದೂರದ್ದು ಮಂಕಾಗಿಯೂ ಇರುವುದೆಂದು ಬರೆಯುವ ಮಕ್ಕಳುಂಟು. ವಿದ್ಯುತ್ತು ದಾರಿಯಲ್ಲಿ ಖರ್ಚಾಗುತ್ತದೆ ಎಂಬುದು ಅವರ ತರ್ಕ. ಒಂದೇ ಬಗೆಯ ಬಲ್ಬುಗಳಾದರೆ ಎರಡೂ ಸಮನಾಗಿ ಮಂಕಾಗುವುದನ್ನು ಕಂಡಾಗ ಆ ತರ್ಕ ತಾನಾಗಿ ಮುರಿಯುತ್ತದೆ. ಸಮಾಂತರದಲ್ಲಿ ಜೋಡಿಸಿದರೆ ಎರಡೂ ಮೊದಲಿನಷ್ಟೇ ಬೆಳಗುತ್ತವೆ. ಹಾಗಾದರೆ ಮನೆಯ ದೀಪಗಳನ್ನು ಯಾವ ರೀತಿ ಜೋಡಿಸಿದ್ದಾರೆ? ಅಡುಗೆಮನೆಯ ದೀಪ ಆರಿಸಿದಾಗ ಪಡಸಾಲೆಯದು ಏಕೆ ಆರುವುದಿಲ್ಲ? ಈ ಪ್ರಶ್ನೆಗಳನ್ನು ತಂದೆತಾಯಿಯರು ತುಳುವಿನಲ್ಲಿ, ಹವ್ಯಕದಲ್ಲಿ, ಬಡಗದಲ್ಲಿ, ಮನೆಯ ಯಾವ ಮಾತಿನಲ್ಲಿಯೂ ಕೇಳಬಹುದು. ನಿಜವಾದ ಬ್ಯಾಟರಿ, ಟಾರ್ಚಿನ ಬಲ್ಬು ಸಿಕ್ಕರಂತೂ ಪರದೆ ಮುಚ್ಚಿ ಅವನ್ನೇ ಜೋಡಿಸಿ. ಮನೆಯ ಪ್ಲಗ್ಗಿನ ಹತ್ತಿರ ಮಾತ್ರ ಬೇಡ.

‘ಜಿಯೋಜೀಬ್ರಾ’ ಇದೇ ಜಾತಿಯದು. ಆಸ್ಟ್ರಿಯದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ 2001ರಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ರೂಪಿಸತೊಡಗಿದ ಈ ಗಣಿತ ಪರಿಕರದಲ್ಲಿ ತ್ರಿಭುಜದ ಶೃಂಗವನ್ನು ಹಿಡಿದು ಎಳೆದಾಡಿದರೆ ಮೂರು ಕೋನಗಳೂ ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಲ್ಲಿಯೇ ನಿಲ್ಲುತ್ತದೆ. ಕೇರಳದ ಶಾಲಾ ಕಂಪ್ಯೂಟರುಗಳಲ್ಲಿ ಅದು ಮೊದಲೇ ಇರುತ್ತದೆ, ಕೇಳಿ ನೋಡಿ.

ಶಿಕ್ಷಕರಿಗೆ ನಾವು ವಿಶೇಷವಾಗಿ ತಿಳಿಸಬಯಸುವುದು ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ಗಳ ತಾಣವನ್ನು. ಕರ್ನಾಟಕದ ಶಿಕ್ಷಣ ಇಲಾಖೆ ಮತ್ತು ‘ಐಟಿ ಫಾರ್ ಚೇಂಜ್’ ಸಂಸ್ಥೆಯ ಸಹಯೋಗದಲ್ಲಿ ಬೆಳೆದ ಈ ತಾಣದ ಪುಟಗಳನ್ನು ಬರೆದವರಲ್ಲಿ ಸರಕಾರಿ ಶಾಲೆಯ ಅಧ್ಯಾಪಕರೇ ಬಹಳ. ಅಲ್ಲಿ ವಿಷಯಗಳು ಪರಿಕಲ್ಪನೆಗಳಾಗಿ ಒಡೆದು ಹಂಚಿಕೆಯಾಗಿರುವುದರಿಂದ ಬೇರೆ ರಾಜ್ಯದ ಪಠ್ಯಕ್ಕೆ ಬೇಕಾದಷ್ಟನ್ನು ಮಾತ್ರ ಎತ್ತಿಕೊಳ್ಳಬಹುದು.

ಕೆಳಗಿನ ತರಗತಿಗಳಿಗೆ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ಸಾಕೆನಿಸುವಷ್ಟು ಇದೆ. ಕನ್ನಡದ ಚಿತ್ರಕಥೆಗಳು ನಾಲ್ಕು ಹಂತಗಳಲ್ಲಿ ವಿಂಗಡಣೆಯಾಗಿವೆ. ಓದಲು ಖಾತೆ ಬೇಕಿಲ್ಲ. ಮೂರನೆಯ ತರಗತಿಯ ಮಗು ಒಂದನೆಯ ಹಂತದಿಂದ ಆರಂಭಿಸಿದರೆ ನಾಚಿಕೆಯೇನೂ ಇಲ್ಲ. ಮನೆಯ ಮಾತು ಕನ್ನಡವಲ್ಲದ ಮಕ್ಕಳೇ ನಮ್ಮ ಕನ್ನಡ ಶಾಲೆಗಳಲ್ಲಿ ಎಷ್ಟೋ ಇದ್ದಾರೆ. ಈ ಕಥೆಗಳು ಮುಕ್ತ ಪರವಾನಗಿಯಲ್ಲಿವೆ. ಅಂದರೆ, ಹೆಸರು ಸೂಚಿಸಿ, ಯಾರು ಬೇಕಾದರೂ ಅನುವಾದಿಸಬಹುದು, ಮುದ್ರಿಸಿ ಹಂಚಬಹುದು. ಬರಿಯ ಉಚಿತಕ್ಕೂ ಮುಕ್ತಕ್ಕೂ ಇರುವ ವ್ಯತ್ಯಾಸ ಇದೇ: ಉಚಿತವಾದದ್ದಕ್ಕೆ ನಾಳೆ ಬೆಲೆ ಕಟ್ಟಬಹುದು, ಹೀಗೆ ಮುಕ್ತವಾಗಿ ಕೊಟ್ಟ ಕಥೆಯನ್ನು ಹಿಂದಕ್ಕೆ ಕಸಿದುಕೊಳ್ಳಲಾಗದು.

ಒಂದೇ ಮೊಬೈಲಿನ ಮನೆ

ಇಷ್ಟೆಲ್ಲ ಹೇಳಿದರೂ, ಮನೆಯಲ್ಲಿರುವುದು ಒಂದು ಮೊಬೈಲು, ಅದು ದುಡಿಯುವವರ ಜೇಬಿನಲ್ಲಿ ಬೆಳಿಗ್ಗೆಯೇ ಹೊರಡುತ್ತದೆ. ಗುಡ್ಡದ ಮರೆಯ ಊರುಗಳಲ್ಲಿ ಸಿಗ್ನಲ್ಲಿಲ್ಲ. ಆದುದರಿಂದ ನೋಡುವುದಕ್ಕಿಂತ ಇಳಿಸಿಟ್ಟುಕೊಳ್ಳುವುದಕ್ಕೆ ಒತ್ತು ಕೊಡಬೇಕು. ದೀಕ್ಷಾದ ಸಾಮಗ್ರಿಯನ್ನು ಅದರ ಆ್ಯಪಿನೊಳಗೇ ಉಳಿಸಿಕೊಳ್ಳಬಹುದು. ಫೆಟ್‌ನ ಹೊಸ ಪ್ರಯೋಗಗಳು ಒಂದೊಂದೂ ಒಂದೇ ಕಡತವಾಗಿ ಇಳಿಯುತ್ತವೆ. ಪೆನ್‌ಡ್ರೈವಿನಲ್ಲಿ ಹಾಕಿ ಶಾಲೆಯ ಕಂಪ್ಯೂಟರಿನಲ್ಲಿ ಜಾಲವಿಲ್ಲದೆಯೂ ತೆರೆಯಬಹುದು. ಜಾಲಸಂಪರ್ಕವಿರುವ ಒಬ್ಬ ಪೋಷಕರು ವಾರಕ್ಕೊಮ್ಮೆ ಇಳಿಸಿ ಉಳಿದವರಿಗೆ ಹಂಚಿದರೆ ಹತ್ತು ಮನೆಗಳ ಡೇಟಾ ಉಳಿಯುತ್ತದೆ. ಕಡತಕ್ಕೆ ತರಗತಿ, ವಿಷಯ, ನಮ್ಮ ಪುಸ್ತಕದ ಪಾಠದ ಹೆಸರನ್ನೇ ಇಡಿ. ಯಂತ್ರ ಕೊಟ್ಟ ಅಂಕಿಗಳ ಹೆಸರಿನಿಂದ ಆರು ತಿಂಗಳ ಬಳಿಕ ಯಾರಿಗೂ ಏನೂ ತಿಳಿಯದು.

ಉಚಿತವೆನ್ನುತ್ತ ಮಗುವಿನ ಹೆಸರು, ಫೋನ್ ಸಂಖ್ಯೆ, ಶಾಲೆಯ ಹೆಸರು ಕೇಳುವ ಆ್ಯಪುಗಳ ವಿಷಯದಲ್ಲಿ ಜಾಗ್ರತೆ ಇರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನೆಲ್ಲ ಮಕ್ಕಳೆಂದು ಪರಿಗಣಿಸಿ, ಅವರ ವಿವರಗಳನ್ನು ಬಳಸಲು ಪೋಷಕರ ಸಮ್ಮತಿ ಬೇಕೆನ್ನುತ್ತದೆ. ಮೊದಲ ತಿಂಗಳು ಉಚಿತ, ಆಮೇಲೆ ದಿನಕ್ಕೆರಡು ಕರೆ ಎಂಬಂತಹವುಗಳ ಗೊಡವೆಯೇ ಬೇಡ.

ವಿಡಿಯೋ ಇದೆಯಲ್ಲ ಎಂಬ ಉತ್ತರ

ಕೊನೆಯದಾಗಿ, ಈ ಪರಿಕರಗಳ ಸುತ್ತ ಬೆಳೆಯುತ್ತಿರುವ ಒಂದು ಅಪಾಯವನ್ನು ಹೇಳದೆ ಇರಲಾರೆವು. ಕನ್ನಡ ಶಿಕ್ಷಕರ ಹುದ್ದೆ ಖಾಲಿ ಉಳಿದಾಗ, ಅಥವಾ ಕನ್ನಡ ಬಾರದವರು ಕನ್ನಡ ಮಾಧ್ಯಮದ ತರಗತಿಗೆ ನೇಮಕವಾದಾಗ, ವಿಡಿಯೋ ತೋರಿಸಿದರಾಯಿತು ಎಂಬ ಸಮಾಧಾನದ ಮಾತು ಸುಲಭವಾಗಿ ಹೊರಡುತ್ತದೆ. ವಿದ್ಯುನ್ಮಂಡಲದ ಉದಾಹರಣೆಯನ್ನೇ ನೆನಪಿಸಿಕೊಳ್ಳಿ. ಅಲ್ಲಿ ಕಲಿಕೆ ನಡೆದದ್ದು ಪರದೆಯಲ್ಲಿ ಬಲ್ಬು ಬೆಳಗಿದಾಗ ಅಲ್ಲ, ದೂರದ ಬಲ್ಬು ಮಂಕಾಗುವುದೆಂದು ಮಗು ಬರೆದದ್ದನ್ನು ಓದಿ ಯಾರೋ ‘ಏಕೆ ಹಾಗೆಂದುಕೊಂಡೆ?’ ಎಂದು ಅದರ ಭಾಷೆಯಲ್ಲಿ ಕೇಳಿದಾಗ. ಆ ಪ್ರಶ್ನೆಯನ್ನು ಕೇಳುವ, ಉತ್ತರವನ್ನು ಅರ್ಥಮಾಡಿಕೊಳ್ಳುವ ವ್ಯಕ್ತಿ ತರಗತಿಯಲ್ಲಿರಬೇಕು.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ, ಅದೇ ವರ್ಷದ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರತಿ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಬೋಧನೆ ಎಂಬ ಮಾತನ್ನು ಧ್ವನಿಮುದ್ರಣ ಎಂದು ಓದಲು ಬರುವುದಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯಂತೆ ಸರಕಾರಿ ಶಾಲೆಯ ನಿರ್ವಹಣಾ ಸಮಿತಿಯಲ್ಲಿ ನಾಲ್ಕನೆಯ ಮೂರು ಪಾಲು ಸದಸ್ಯರು ಪೋಷಕರೇ ಆಗಿರಬೇಕು. ಯಾವ ವಿಷಯಕ್ಕೆ, ಯಾವ ತರಗತಿಗೆ, ಎಂದಿನಿಂದ ಕನ್ನಡ ಬಲ್ಲ ಶಿಕ್ಷಕರಿಲ್ಲ, ಆ ಅವಧಿಯಲ್ಲಿ ಎಷ್ಟು ಪಾಠಗಳು ವಿಡಿಯೋದಿಂದಲೇ ಮುಗಿದವು ಎಂಬುದನ್ನು ದಿನಾಂಕ ಸಹಿತ ಸಮಿತಿಯ ನಡಾವಳಿಯಲ್ಲಿ ಬರೆಸಿ. ಅರ್ಜಿಯನ್ನು ಕನ್ನಡದಲ್ಲಿಯೂ ರಾಜ್ಯಭಾಷೆಯಲ್ಲಿಯೂ ಸಿದ್ಧಪಡಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಒಂದು ಪ್ರತಿಯನ್ನು ಮನೆಯಲ್ಲಿಡಿ. ಶಾಲೆಯ ಕಂಪ್ಯೂಟರಿನಲ್ಲಿ ಏನೇನು ಇಳಿಸಿಡಬೇಕೆಂಬ ಪಟ್ಟಿಯನ್ನೂ ಅದೇ ಸಭೆಯಲ್ಲಿ ಕೊಡಬಹುದು.